ಯುವನಿಧಿ: ಬೇರೆಯವರ ಮೊಬೈಲ್ ನಂಬರ್ ಹಾಕಿಸಿ ನಾನು ಕಳೆದುಕೊಂಡ ಐದು ತಿಂಗಳು

ಓದು ಮುಗಿಸಿಯೂ ಕೆಲಸ ಸಿಗದವರಿಗೆ ಕರ್ನಾಟಕ ಸರ್ಕಾರ ಕೊಡುವ ಯುವನಿಧಿ ಭತ್ಯೆಗೆ ಅರ್ಜಿ ಹಾಕಲು ಹೊರಟಿರುವವರು ದಯವಿಟ್ಟು ಇದನ್ನು ಓದಿ ಆಮೇಲೆ ಹೋಗಿ. ನನಗೆ ಐದು ತಿಂಗಳ ಭತ್ಯೆ, ಅಂದರೆ 15,000 ರೂಪಾಯಿ ಕೈತಪ್ಪಿತು.

ನಾನು 2023ರಲ್ಲಿ ಬಿ.ಎಸ್ಸಿ. ಮುಗಿಸಿದವಳು. ಈ ಯೋಜನೆಯಲ್ಲಿ, ಪಾಸಾಗಿ 180 ದಿನವಾದರೂ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅಪ್ಪ ಅಮ್ಮನ ಜೊತೆಗೇ ಇದ್ದೆ, ಊಟಕ್ಕೆ ಚಿಂತೆ ಇರಲಿಲ್ಲ. ಆದರೆ ಪರೀಕ್ಷೆ ಫೀಸಿಗೆ, ಇಂಟರ್‌ವ್ಯೂಗೆ ಹೋಗೋ ಬಸ್ ಚಾರ್ಜಿಗೆ ಪ್ರತಿ ಸಲ ಅಪ್ಪನ ಮುಂದೆ ಕೈ ಚಾಚುವ ಸಂಕಟ ಓದು ಮುಗಿಸಿ ಮನೆಯಲ್ಲಿ ಕೂತವರಿಗೇ ಗೊತ್ತು.

2024ರ ಜನವರಿಯಲ್ಲಿ ಸೈಬರ್ ಸೆಂಟರ್‌ಗೆ ಹೋದೆ. ಅರ್ಜಿ ಉಚಿತ, ಆದರೂ ಆತ 300 ತಗೊಂಡ. ಅದು ಹೋಗಲಿ. ಅರ್ಜಿ ಹಾಕುವ ಸರ್ಕಾರಿ ಪೋರ್ಟಲ್ ಸೇವಾ ಸಿಂಧುವಿನಲ್ಲಿ ಲಾಗಿನ್ ಮಾಡುವಾಗ "ಓಟಿಪಿ ಬೇಗ ಬರುತ್ತೆ ಮೇಡಂ" ಅಂತ ತನ್ನದೇ ನಂಬರ್ ಹಾಕಿದ. ನಾನು ಸುಮ್ಮನಿದ್ದೆ. ತಪ್ಪಾಗಿದ್ದೇ ಅಲ್ಲಿ.

ಮೊದಲ ಕಂತು ಬಂತು. ಫೆಬ್ರವರಿಯಲ್ಲಿ ಬರಲಿಲ್ಲ, ಮಾರ್ಚ್‌ನಲ್ಲೂ ಇಲ್ಲ. "ಸರ್ಕಾರದ ದುಡ್ಡಲ್ವೇನಮ್ಮ, ತಡ ಆಗುತ್ತೆ" ಅಂದರು ಅಪ್ಪ. ಕಾದೆ. ಜೂನ್ ಕೊನೆಗೆ ಗೆಳತಿಯೊಬ್ಬಳು ಫೋನಿನಲ್ಲಿ ಕೇಳಿದಳು, "ಈ ತಿಂಗಳ ಘೋಷಣೆ ಕೊಟ್ಯೇನೇ?" ಯಾವ ಘೋಷಣೆ? ನನಗಿನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಿಲ್ಲ, ಸ್ವಂತ ಉದ್ಯೋಗವಿಲ್ಲ ಅಂತ ಆಗ ಪ್ರತಿ ತಿಂಗಳೂ ನಾವೇ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆ ಕೊಡಬೇಕಿತ್ತು. ಅರ್ಜಿ ಹಾಕಿದರೆ ಮುಗೀತು ಅಂದುಕೊಂಡಿದ್ದೆ. ಸಂದೇಶಗಳೇನಾದರೂ ಬಂದಿದ್ದರೆ ಆತನ ಮೊಬೈಲಿಗೇ ಬಂದಿರಬೇಕು.

ಓಡಿದೆ. ಸೆಂಟರ್ ಮುಚ್ಚಿತ್ತು, ಆತನ ಫೋನ್ ಸ್ವಿಚ್ ಆಫ್. ಆಧಾರ್ ಓಟಿಪಿಯಿಂದ ಒಳಗೆ ಹೋಗೋಣ ಅಂದರೆ ನನ್ನ ಆಧಾರ್‌ಗೆ ಇದ್ದದ್ದು ಶಾಲೆಯಲ್ಲಿದ್ದಾಗ ಕೊಟ್ಟಿದ್ದ ಅಪ್ಪನ ನಂಬರ್. ಅವರು ಡ್ಯೂಟಿಯಲ್ಲಿ, ಫೋನ್ ಲಾಕರ್‌ನಲ್ಲಿ. ರಾತ್ರಿ ಬಂದ ಮೇಲೆ ಅಪ್ಪ ಕನ್ನಡಕ ಹಣೆಗೇರಿಸಿ, ಫೋನ್ ದೂರ ಹಿಡಿದು ಒಂದೊಂದೇ ಅಂಕಿ ಓದಿ ಹೇಳುವಷ್ಟರಲ್ಲಿ ಎರಡು ಸಲ ಟೈಮ್ ಮುಗಿಯಿತು. ಮೂರನೇ ಸಲಕ್ಕೆ ಆಯ್ತು. ಅಲ್ಲಿಂದಾಚೆಗಿನ ಭತ್ಯೆ ಬಂತು, ಹೋದ ಐದು ತಿಂಗಳದ್ದು ಬರಲೇ ಇಲ್ಲ. ಅಪ್ಪ ಏನೂ ಅನ್ನಲಿಲ್ಲ. ಅದು ಇನ್ನೂ ನೋವು.

ಆದ್ದರಿಂದ ಮೊದಲು ನಿಮ್ಮ ಆಧಾರ್‌ಗೆ ನಿಮ್ಮದೇ ನಂಬರ್ ಹಾಕಿಸಿ, ಅರ್ಜಿಯಲ್ಲೂ ಅದನ್ನೇ ಕೊಡಿ. ಬೇರೆಯವರ ಕೈಲಿ ಅರ್ಜಿ ತುಂಬಿಸಿದರೂ ಓಟಿಪಿ ನಿಮ್ಮ ಫೋನಿಗೇ ಬರಲಿ.

ಬ್ಯಾಂಕ್ ವಿಷಯದಲ್ಲೂ ಹುಷಾರು. ನೇರ ವರ್ಗಾವಣೆಯ ದುಡ್ಡು ಹೋಗುವುದು ಆಧಾರ್ ಕೊನೆಯದಾಗಿ ಯಾವ ಖಾತೆಗೆ ಸೀಡ್ (ಜೋಡಣೆ) ಆಗಿದೆಯೋ ಅಲ್ಲಿಗೆ. ನನ್ನ ಆ ಗೆಳತಿಯ ಮೊದಲ ಕಂತು ಹೋಗಿ ಬಿದ್ದದ್ದು ಹೈಸ್ಕೂಲಿನ ಸ್ಕಾಲರ್‌ಶಿಪ್‌ಗೆಂದು ತೆರೆದ ಖಾತೆಗೆ. ಪಾಸ್‌ಬುಕ್ ಅವಳಮ್ಮನ ಟ್ರಂಕಿನಲ್ಲಿ ಸಿಕ್ಕಿತು. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕ್ ಅಂತ ತೋರಿಸುತ್ತದೆ, ನೋಡಿಕೊಳ್ಳಿ.

ಘೋಷಣೆ ಎಷ್ಟು ತಿಂಗಳಿಗೊಮ್ಮೆ, ಯಾವ ತಾರೀಖಿನೊಳಗೆ ಅಂತ ಅವರಿವರನ್ನು ಕೇಳಬೇಡಿ, ಪೋರ್ಟಲ್‌ನಲ್ಲೇ ಓದಿ. ನಾನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿಂದ ಸುತ್ತು ಹಾಕಿಟ್ಟೆ. ನಾನು ಮರೆತರೂ ಅಮ್ಮ ನೆನಪಿಸುತ್ತಿದ್ದರು.