ಕಸಿ ಬದನೆ ಅಂತ 800 ರೂಪಾಯಿ ಕೊಟ್ಟೆ, ಟೇಪ್ ಒಳಗೆ ಕಸಿಯೇ ಇಲ್ಲ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ಹೋದ ವರ್ಷ ನಮ್ಮ ಹಿತ್ತಲಿನ ಬದನೆ ಪೂರ್ತಿ ಸೊರಗು ರೋಗಕ್ಕೆ ಹೋಯಿತು. ಮಣ್ಣಿನ ಬ್ಯಾಕ್ಟೀರಿಯಾ ಬೇರಿಗೆ ಹೊಕ್ಕು ಗಿಡ ಬಾಡಿ ಸಾಯುವ ರೋಗ ಅದು. ಕೊಡಗಿನ ಮಣ್ಣು ಹುಳಿ, ಮಳೆಯೂ ಜಾಸ್ತಿ, ಈ ಕಾಟ ಗೊತ್ತಿದ್ದದ್ದೇ. ಅದಕ್ಕೇ ಈ ಸಲ ಕಸಿ ಗಿಡ ಹುಡುಕಿದೆ. ಅಂದರೆ ಸುಂಡೆ ಅನ್ನುವ, ಬದನೆ ಜಾತಿಯದೇ ಕಾಡುಗಿಡದ ಬೇರಿಗೆ ಬದನೆ ಕುಡಿ ಕಟ್ಟಿದ್ದು. ಸುಂಡೆ ಬೇರಿಗೆ ಈ ರೋಗ ಸುಲಭಕ್ಕೆ ಹತ್ತುವುದಿಲ್ಲ.

ಸೆಪ್ಟೆಂಬರ್ ಕೊನೆಗೆ, ಮಳೆ ಇಳಿದ ಮೇಲೆ, ಮಡಿಕೇರಿಯ ಶುಕ್ರವಾರದ ಸಂತೆಗೆ ಹೋಗಿದ್ದೆ. ರಸ್ತೆ ಬದಿ ವ್ಯಾನ್ ನಿಲ್ಲಿಸಿ ಒಬ್ಬ ಸಸಿ ಮಾರುತ್ತಿದ್ದ. "ಸುಂಡೆ ಕಸಿ ಅಕ್ಕ, ಸೊರಗೋ ಮಾತೇ ಇಲ್ಲ" ಅಂದ. ಒಂದಕ್ಕೆ 40 ರೂಪಾಯಿ. ಸಾದಾ ಸಸಿ ಎರಡು ಮೂರು ರೂಪಾಯಿಗೆ ಸಿಗುತ್ತದೆ. ಪ್ರತಿ ಗಿಡದ ಬುಡದ ಮೇಲೆ ಹಸಿರು ಟೇಪ್ ಸುತ್ತಿತ್ತು. ಆ ಟೇಪ್ ನೋಡಿಯೇ ನಂಬಿದೆ. 20 ಗಿಡ ತಂದೆ.

ಹೂ ಬಿಡುವ ಹೊತ್ತಿಗೆ ಒಂದು ಗಿಡ ಮಧ್ಯಾಹ್ನ ಜೋತು ಬಿತ್ತು. ಎಲೆ ಹಸಿರಾಗಿಯೇ ಇತ್ತು. ಸಂಜೆ ಎದ್ದಿತು. ಮೂರನೇ ದಿನ ಏಳಲಿಲ್ಲ. ಕಾಂಡ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ಹಿಡಿದೆ. ಕೊಯ್ದ ಜಾಗದಿಂದ ಹಾಲಿನಂಥ ಬಿಳಿ ಎಳೆ ಮೆಲ್ಲಗೆ ಇಳಿಯಿತು. ಕಾಂಡದೊಳಗಿನ ಬ್ಯಾಕ್ಟೀರಿಯಾ ಅದು. ಅದೇ ರೋಗ.

ಆಮೇಲೆ ಟೇಪ್ ಬಿಚ್ಚಿದೆ. ಒಳಗೆ ಏನೂ ಇಲ್ಲ! ಗಂಟಿಲ್ಲ, ಕೊಯ್ದ ಕಲೆಯಿಲ್ಲ. ಬುಡದಿಂದ ತುದಿವರೆಗೆ ಒಂದೇ ನಯವಾದ ಕಾಂಡ. ಇನ್ನೊಂದು ಬಿಚ್ಚಿದೆ, ಅದೂ ಹಾಗೇ. ಇಪ್ಪತ್ತೂ ಬಿಚ್ಚಿದೆ, ಇಪ್ಪತ್ತೂ ಹಾಗೇ. ಕೈ ನಡುಗುತ್ತಿತ್ತು. ಅತ್ತೆ ಜಗಲಿಯಲ್ಲಿ ನಿಂತು ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಸಸಿ ಮಾರಿದವನಿಗೆ ಫೋನ್ ಮಾಡಿದೆ. "ನೀರು ಜಾಸ್ತಿ ಹಾಕಿದ್ದೀರಿ ಮೇಡಂ" ಅಂದ. ಕಸಿ ಎಲ್ಲಿದೆ ತೋರಿಸಿ ಅಂದೆ. "ಕೂಡಿಕೊಂಡ ಮೇಲೆ ಗುರುತು ಕಾಣಲ್ಲ." ಸುಳ್ಳು! ಎರಡು ತಿಂಗಳಿಗೆ ಮಾಯವಾಗುವ ಗುರುತಲ್ಲ ಅದು. ಮತ್ತೆ ಟೇಪ್ ಯಾಕೆ ಸುತ್ತಿದ್ದೀರಿ? "ಗಾಳಿಗೆ ಮುರಿಯದೆ ಇರಲಿ ಅಂತ." ಫೋಟೊ ಕಳಿಸಿದೆ. ನೋಡಿ, "ನಿಮ್ಮ ಮಣ್ಣು ಸರಿ ಇಲ್ಲ" ಅಂತ ಬರೆದ. ಮಣ್ಣಲ್ಲಿ ರೋಗ ಇದೆ ಅಂತಲೇ ಅಲ್ವಾ ನಾನು 40 ರೂಪಾಯಿ ಕೊಟ್ಟದ್ದು? ಮೊದಲೇ ಅವನಿಗೆ ಹೇಳಿಯೂ ಇದ್ದೆ. ಈಗ ಫೋನೇ ಎತ್ತುವುದಿಲ್ಲ.

ಟೇಪ್ ನೋಡಿ ದುಡ್ಡು ಕೊಡಬೇಡಿ. ಕೂಡಿದ ಜಾಗ ಕಣ್ಣಿಗೆ ಕಾಣಬೇಕು. ತೋರಿಸದಿದ್ದರೆ ಸುಮ್ನೆ ಎದ್ದು ಬನ್ನಿ. ಇಲ್ಲವಾದರೆ ಅರ್ಕಾ ಕೇಶವ್, ಅರ್ಕಾ ನಿಧಿ ಥರದ ಸೊರಗು ತಡೆಯುವ ತಳಿ ಹಾಕಿ, ಕಸಿಯೇ ಬೇಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು ಅವು. ಅದರ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೇ ಇದೆ. ಮೊದಲು ಅಲ್ಲಿ ಹೋಗಿ ಕೇಳಬೇಕಿತ್ತು ನಾನು.

ಈಗ ಮೂರು ಗಿಡ ಉಳಿದಿವೆ. ಸತ್ತವನ್ನು ಬೇರು ಸಮೇತ ಕಿತ್ತು ಸುಟ್ಟೆ. ಆ ಪಾತಿಗೆ ಟೊಮೇಟೊ, ಮೆಣಸಿನಕಾಯಿ ಗಿಡವನ್ನೂ ಹಾಕುವ ಹಾಗಿಲ್ಲ, ಅವಕ್ಕೂ ಅದೇ ರೋಗ. ಟೇಪ್ ಮಾತ್ರ ಇಪ್ಪತ್ತೂ ಎತ್ತಿಟ್ಟಿದ್ದೇನೆ. ಅವನು ಮತ್ತೆ ಸಂತೆಗೆ ಬಂದರೆ ನಾಲ್ಕು ಜನರ ಎದುರು ಅವನ ಮುಂದೆ ಇಡುತ್ತೇನೆ.