ಕೊಬ್ಬು ಅಳೆಯುವ ತಕ್ಕಡಿ: ಒಬ್ಬ ಟೈಲರ್ ಬಳಸಿ ನೋಡಿದ್ದು

ಮೈಸೂರಿನ ಶಿವರಾಂಪೇಟೆ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ. 26 ವರ್ಷದಿಂದ ಗಂಡಸರ ಪ್ಯಾಂಟು, ಶರ್ಟು ಹೊಲಿಯುತ್ತಿದ್ದೇನೆ. ಯಾರ ಮೈಯಲ್ಲಿ ಎಲ್ಲಿ ಏನು ಸೇರಿಕೊಂಡಿದೆ ಅಂತ ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅಂಥವನ ಮನೆಗೆ ಮಗಳು ಕೊಬ್ಬು ಅಳೆಯುವ ತಕ್ಕಡಿ ತರಿಸಿದಳು. ಆನ್‌ಲೈನ್‌ನಲ್ಲಿ 1,399 ರೂಪಾಯಿ. ಕಂಪನಿ ಹೆಸರು ಬೇಡ, ಬಿಡಿ. ಎರಡು ತಿಂಗಳು ಬಳಸಿ ಬರೆಯುತ್ತಿದ್ದೇನೆ.

ಗಾಜಿನ ಹಲಗೆ, ಮೇಲೆ ನಾಲ್ಕು ಲೋಹದ ಪಟ್ಟಿ. ಬರಿಗಾಲಲ್ಲಿ ನಿಂತರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ತೀರಾ ಸಣ್ಣ ಕರೆಂಟು ಹರಿಯುತ್ತದೆ. ಜುಮ್ ಅಂತಲೂ ಅನ್ನುವುದಿಲ್ಲ. ಸ್ನಾಯುವಿನಲ್ಲಿ ನೀರು ಜಾಸ್ತಿ, ಕರೆಂಟು ಸಲೀಸಾಗಿ ಹೋಗುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆಯುತ್ತದೆ. ಎಷ್ಟು ತಡೆಯಿತು ಅನ್ನುವುದಕ್ಕೆ ನಿಮ್ಮ ಎತ್ತರ, ತೂಕ, ವಯಸ್ಸು, ಗಂಡೋ ಹೆಣ್ಣೋ ಎಲ್ಲ ಸೇರಿಸಿ ಒಂದು ಲೆಕ್ಕ ಹಾಕಿ ಫೋನಿಗೆ ಕಳಿಸುತ್ತದೆ. ಅಂದರೆ ಕೊಬ್ಬನ್ನು ಅದು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಅದೂ ಕರೆಂಟು ಓಡಾಡುವುದು ಬಹುಪಾಲು ಕಾಲಲ್ಲೇ. ಗಿರಾಕಿಯ ಕಾಲು ಅಳೆದು ಹೊಟ್ಟೆಯ ಅಳತೆ ಊಹಿಸಿದ ಹಾಗೆ.

ಮೊದಲ ದಿನವೇ ನನಗೆ ಬೈಸಿಕೊಂಡ ಹಾಗಾಯಿತು. ವಯಸ್ಸು 49, ಎತ್ತರ 168 ಸೆಂಟಿಮೀಟರ್, ತೂಕ 63 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನುವ ಲೆಕ್ಕ, 22.3. ಎಲ್ಲ ಹಸಿರು ಬಣ್ಣ. ಕೆಳಗೆ ಮಾತ್ರ ಕೆಂಪು: ಕೊಬ್ಬು 27.8 ಶೇಕಡಾ, 'ಮೆಟಬಾಲಿಕ್ ವಯಸ್ಸು' (ಮೈ ಎಷ್ಟು ವಯಸ್ಸಿನವರ ಹಾಗಿದೆ ಅಂತ ಮಿಷಿನ್ ಹಾಕುವ ಅಂದಾಜು) 61. ಜೀವನದಲ್ಲಿ ನನ್ನನ್ನು ಯಾರೂ ದಪ್ಪ ಅಂದಿಲ್ಲ. ಮದುವೆಯಲ್ಲಿ ಸೂಟು ನಿಲ್ಲದೆ ಭುಜಕ್ಕೆ ಪ್ಯಾಡ್ ಕೊಟ್ಟುಕೊಂಡವನು ನಾನು. ಮಿಷಿನ್ ಕೆಟ್ಟಿದೆ ಅಂತ ಮಗಳಿಗೆ ಹೇಳಿದೆ.

ಕೆಟ್ಟಿದೆಯಾ ಅಂತ ನೋಡಲು ನಮ್ಮ ಹಳೇ ಇದ್ದಿಲು ಇಸ್ತ್ರಿ ಪೆಟ್ಟಿಗೆ ತಂದೆ. ಪಕ್ಕದ ದಿನಸಿ ಅಂಗಡಿಯಲ್ಲಿ ತೂಗಿಸಿದರೆ 6.4 ಕೆಜಿ. ಅದನ್ನು ಹಿಡಿದು ನಿಂತೆ. ತಕ್ಕಡಿ 69.4 ತೋರಿಸಿತು. ತೂಕದ ವಿಷಯದಲ್ಲಿ ಮೆಚ್ಚಲೇಬೇಕು. ಆದರೆ ಕೊಬ್ಬು ಎಷ್ಟಾಗಿತ್ತು ಗೊತ್ತಾ? 30.8! ಕಬ್ಬಿಣದಲ್ಲೂ ಅದಕ್ಕೆ ಕೊಬ್ಬೇ ಕಂಡಿತು. ಸಂಜೆ ಕಟಿಂಗ್ ಟೇಬಲ್ ಮುಂದೆ ದಿನವಿಡೀ ನಿಂತು ಬಂದು ಹತ್ತಿದರೆ 25.9. ನಡುವೆ ನಾನು ಒಂದು ಮಸಾಲೆ ದೋಸೆ, ನಾಲ್ಕು ಕಾಫಿ ಮುಗಿಸಿದ್ದೆ. ತುಂಬಾ ಹೊತ್ತು ನಿಂತರೆ ಕಾಲಿಗೆ ನೀರು ಇಳಿಯುತ್ತದೆ, ಕರೆಂಟಿಗೆ ದಾರಿ ಸುಲಭವಾಗುತ್ತದೆ, ಕೊಬ್ಬು ಕರಗಿದ ಹಾಗೆ ಕಾಣುತ್ತದೆ ಅಂತ ಮಗಳು ವಿವರಿಸಿದಳು. ನನ್ನ ಅಮ್ಮನ ಹಿಮ್ಮಡಿ ಒಡೆದು ಒಣಗಿದೆ, ಕರೆಂಟು ಸರಿಯಾಗಿ ಒಳಗೆ ಹೋಗುವುದಿಲ್ಲ. ಅವಳಿಗೆ ಎಷ್ಟು ಸಲ ನಿಂತರೂ ಕೊಬ್ಬಿನ ಜಾಗದಲ್ಲಿ ಬರೀ ಎರಡು ಗೆರೆ.

ಮಗಳು ನ್ಯೂಟ್ರಿಷನ್ ಓದುತ್ತಿದ್ದಾಳೆ. ನಾನು ಗೆದ್ದೆ ಅಂದುಕೊಂಡಿದ್ದಾಗ ಅವಳು ಒಂದು ಫೋಟೋ ತೋರಿಸಿದಳು. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಇಬ್ಬರು ಡಾಕ್ಟರು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರದೂ ಬಿಎಂಐ 22.3. ನನ್ನದೇ ಲೆಕ್ಕ! ಎಕ್ಸ್‌ರೇ ಸ್ಕ್ಯಾನಿನಲ್ಲಿ ನೋಡಿದರೆ ಇಂಗ್ಲೆಂಡಿನವರ ಮೈಯಲ್ಲಿ ಕೊಬ್ಬು 9.1 ಶೇಕಡಾ, ಪುಣೆಯವರ ಮೈಯಲ್ಲಿ 21.2. ಎರಡು ಪಟ್ಟಿಗಿಂತ ಜಾಸ್ತಿ. ತೆಳ್ಳಗೆ ಕಾಣುವ ನಮ್ಮವರಿಗೆ ಯಾಕೆ ಇಷ್ಟೊಂದು ಸಕ್ಕರೆ ಕಾಯಿಲೆ ಅಂತ ಯಾಜ್ಞಿಕ್ ವರ್ಷಗಟ್ಟಲೆ ಹುಡುಕಿದ್ದಾರೆ. ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ ಬಸುರಿಯರನ್ನು 1993ರಿಂದ ನೋಡುತ್ತಾ ಬಂದರು. ಅಲ್ಲಿ ಹುಟ್ಟಿದ ಮಕ್ಕಳ ತೂಕ ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳದು 3.5. ನಮ್ಮ ಮಕ್ಕಳ ಸ್ನಾಯು ಬಡಕಲು, ಆದರೆ ಬೆನ್ನಿನ ಹಲಗೆ ಮೂಳೆ ಕೆಳಗೆ ಚರ್ಮ ಹಿಡಿದು ನೋಡಿದರೆ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಹುಟ್ಟುವಾಗಲೇ ಸಣಕಲು, ಹುಟ್ಟುವಾಗಲೇ ಕೊಬ್ಬು.

ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯೂ ಈ ಕಥೆಯಲ್ಲಿದೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ದಶಕಗಳ ನಂತರ ಅದೇ ಮಕ್ಕಳನ್ನು ಊರಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ತೀರಾ ಹಗುರವಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ನಮ್ಮ ದೊಡ್ಡಣ್ಣ ಹುಟ್ಟಿದ್ದು ಅಲ್ಲೇ, 1964ರಲ್ಲಿ. ತನ್ನನ್ನು ಯಾರೂ ಹುಡುಕಿಕೊಂಡು ಬರಲಿಲ್ಲವಲ್ಲ ಅಂತ ಅವನಿಗೆ ಈಗಲೂ ಬೇಜಾರು.

ಕೊಬ್ಬು ಇದ್ದರೆ ಏನಂತೆ, ಸುಮ್ನೆ ಬಿದ್ದಿರುತ್ತದೆ ಅಂತ ನಾನು ತಿಳಿದಿದ್ದೆ. ಅದು ಸುಮ್ನೆ ಬಿದ್ದಿರುವುದಿಲ್ಲವಂತೆ. 1994ರಲ್ಲಿ ನ್ಯೂಯಾರ್ಕಿನಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ಗುಂಪು ಲೆಪ್ಟಿನ್ ಹಾರ್ಮೋನಿನ ಜೀನ್ ಕಂಡುಹಿಡಿಯಿತು. ಕೊಬ್ಬಿನ ಕಣಗಳೇ ಅದನ್ನು ತಯಾರಿಸಿ, 'ಇಲ್ಲಿ ಇಷ್ಟು ದಾಸ್ತಾನಿದೆ' ಅಂತ ಮಿದುಳಿಗೆ ಸುದ್ದಿ ಕಳಿಸುತ್ತವೆ. ಚರ್ಮದ ಕೆಳಗಿನ ಕೊಬ್ಬು ಅಷ್ಟು ಕೆಟ್ಟದ್ದೂ ಅಲ್ಲ. ನನಗೆ ಇದು ಅರ್ಥವಾದದ್ದು ನನ್ನ ಕಸುಬಿನಿಂದಲೇ. ಪ್ಯಾಂಟಿನ ಹಿಂದೆ ಹೊಲಿಗೆಯೊಳಗೆ ನಾವು ಒಂದೂವರೆ ಇಂಚು ಮಾರ್ಜಿನ್ ಬಿಡುತ್ತೇವೆ. ಗಿರಾಕಿ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಬಹುದು. ಚರ್ಮದ ಕೆಳಗಿನ ಕೊಬ್ಬು ಈ ಮಾರ್ಜಿನ್ ಇದ್ದ ಹಾಗೆ. ನಮ್ಮವರಿಗೆ ಅದು ಕಡಿಮೆ, ಬೇಗ ಮುಗಿದುಹೋಗುತ್ತದೆ, ಮಿಕ್ಕ ಕೊಬ್ಬು ಲಿವರ್, ಸ್ನಾಯು, ಹೊಟ್ಟೆಯೊಳಗೆಲ್ಲ ನುಗ್ಗುತ್ತದೆ ಅನ್ನುವುದು ಹಲವು ವಿಜ್ಞಾನಿಗಳ ವಾದ. ಅಲ್ಲಿಂದ ಇನ್ಸುಲಿನ್ ಕೆಲಸ ಕೆಡುತ್ತದೆ.

ಹಾಗಾದರೆ ಅಳೆಯಬೇಕಾದದ್ದು ಹೊಟ್ಟೆ. ಅದಕ್ಕೆ ನನ್ನ ಕುತ್ತಿಗೆಯಲ್ಲೇ ಟೇಪ್ ನೇತಾಡುತ್ತಿತ್ತು! ಬೇರೆಯವರ ಅಳತೆ ತೆಗೆಯುವುದರಲ್ಲಿ ನನ್ನದು ತೆಗೆದೇ ಇರಲಿಲ್ಲ. ನನ್ನ ಪ್ಯಾಂಟ್ ಸೈಜು 34, ಹತ್ತು ವರ್ಷದಿಂದ ಅದೇ. ಆದರೆ ಪ್ಯಾಂಟಿನ ಸೊಂಟ ಬೇರೆ, ಡಾಕ್ಟರರ ಸೊಂಟ ಬೇರೆ. ಗಂಡಸರು ಹೊಟ್ಟೆ ಬಂದ ಹಾಗೆಲ್ಲ ಪ್ಯಾಂಟನ್ನು ಕೆಳಗಿಳಿಸುತ್ತಾರೆ, ಸೈಜು ಬದಲಾಗುವುದೇ ಇಲ್ಲ. ನಂಬಿ, ಇದನ್ನು ದಿನಾ ನೋಡುತ್ತೇನೆ. ಡಾಕ್ಟರರ ಅಳತೆಗೆ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿಯಬೇಕು, ಉಸಿರು ಸಹಜವಾಗಿ ಬಿಟ್ಟ ಮೇಲೆ. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ನನ್ನದು 37 ಇಂಚು, ಅಂದರೆ 94 ಸೆಂಟಿಮೀಟರ್. ಭಾರತದ ಗಂಡಸರಿಗೆ ಹೇಳುವ ಮಿತಿ 90, ಹೆಂಗಸರಿಗೆ 80. ಬಿಎಂಐ ಕೂಡ ನಮಗೆ 23 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ, ಬೇರೆಯವರ ಹಾಗೆ 25ರವರೆಗೆ ಬಿಡುವುದಿಲ್ಲ.

ಆಮೇಲೆ ರಕ್ತ ಕೊಟ್ಟು ಬಂದೆ. ಮೂರು ತಿಂಗಳ ಸಕ್ಕರೆ ಲೆಕ್ಕ 5.9. ಕಾಯಿಲೆ ಅಲ್ಲ, ಆದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದೆ.

ಹಾಗಾಗಿ ತಕ್ಕಡಿಗೆ ಐದಕ್ಕೆ ಮೂರು ಸ್ಟಾರ್. ತೂಕಕ್ಕೆ ಪೂರ್ತಿ ಅಂಕ. ಬೆಳಿಗ್ಗೆ ಎದ್ದು, ಬಚ್ಚಲಿಗೆ ಹೋಗಿ ಬಂದು, ಏನೂ ತಿನ್ನುವ ಮೊದಲು ಅದೇ ಹೊತ್ತಿಗೆ ಹತ್ತಿದರೆ ಕೊಬ್ಬಿನ ಸಂಖ್ಯೆ ತಿಂಗಳಿಂದ ತಿಂಗಳಿಗೆ ಯಾವ ಕಡೆ ಹೋಗುತ್ತಿದೆ ಅಂತ ನೋಡಲು ಸಾಕು. ದಿನಾ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಆ 'ಮೆಟಬಾಲಿಕ್ ವಯಸ್ಸು' ಅನ್ನುವುದನ್ನು ಕಣ್ಣೆತ್ತಿಯೂ ನೋಡಬೇಡಿ. ಒಂದು ಸ್ಟಾರ್ ಕಡಿತ ಇದಕ್ಕೆ: ಪೇಸ್‌ಮೇಕರ್ ಇರುವವರು, ಬಸುರಿಯರು ಬಳಸಬಾರದು ಅನ್ನುವ ಮಾತನ್ನು ಕೈಪಿಡಿಯ ಕೊನೇ ಪುಟದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಬರೀ ಇಂಗ್ಲಿಷಿನಲ್ಲಿ ಹಾಕಿದ್ದಾರೆ. ನಮ್ಮ ಬೀದಿಯ ಒಬ್ಬ ಹಿರಿಯರು ಪೇಸ್‌ಮೇಕರ್ ಹಾಕಿಸಿಕೊಂಡವರು. ಕುತೂಹಲಕ್ಕೆ ಚಪ್ಪಲಿ ಕಳಚಿದ್ದರು, ಮಗಳು ಓಡಿಬಂದು ತಡೆದಳು. ಇನ್ನೊಂದು ಸ್ಟಾರ್ ಇಸ್ತ್ರಿ ಪೆಟ್ಟಿಗೆಯ ಲೆಕ್ಕದಲ್ಲಿ ಹೋಯಿತು.

ಈಗ ಅದನ್ನು ಜಾಸ್ತಿ ಬಳಸುತ್ತಿರುವುದು ನನ್ನ ಹೆಂಡತಿ, ಗ್ಯಾಸ್ ಸಿಲಿಂಡರ್ ತೂಗಲು. ಸಿಲಿಂಡರಿನ ಮೇಲೆ ಖಾಲಿ ತೂಕ 15.3 ಅಂತ ಇತ್ತು, ಗ್ಯಾಸು 14.2, ತಕ್ಕಡಿ ಸರಿಯಾಗಿ 29.5 ತೋರಿಸಿತು. ಫೋನು ಮಾತ್ರ ಈ ತೂಕ ಮನೆಯಲ್ಲಿ ಯಾರದು ಅಂತ ಕೇಳುತ್ತಲೇ ಇತ್ತು. ಕಾಟ ತಾಳದೆ ಅವಳು 'ಗ್ಯಾಸಮ್ಮ' ಅಂತ ಹೊಸ ಹೆಸರು ಸೇರಿಸಿದ್ದಾಳೆ.