ದುಬಾರಿ ಹೆಡ್‌ಫೋನ್: ಕಿವಿಗೆ ಹಬ್ಬ, ಜೇಬಿಗೆ ಭಾರ
ಬಹುಕಾಲ ಅಳೆದು ತೂಗಿ ಕೊಂಡ ಈ 300 ಓಮ್‌ನ (ಅಂದರೆ ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುವ) ಓಪನ್-ಬ್ಯಾಕ್ ಹೆಡ್‌ಫೋನ್ ಮತ್ತು ಅದರ ಜೊತೆಗೆ ತೆಗೆದುಕೊಳ್ಳಲೇಬೇಕಾದ ಆಂಪ್ಲಿಫೈಯರ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಒಂದು ಕಡೆ ನಿಂತಿಲ್ಲ. ತಂತಿ ಮೀಟಿದ ಮೇಲೆ ನಾದ ನಿಧಾನವಾಗಿ ಕರಗುವುದು, ಗಾಯಕಿ ಮುಂದಿನ ಸಾಲಿಗೆ ಮುನ್ನ ಎಳೆದುಕೊಳ್ಳುವ ಉಸಿರು, ಹಿಂದೆ ನುಡಿಯುವ ವಾದ್ಯಗಳ ನಡುವಿನ ಅಂತರ, ಇವೆಲ್ಲ ಹಳೆಯ ಹೆಡ್‌ಫೋನಿನಲ್ಲಿ ಒಂದರೊಳಗೊಂದು ಬೆರೆತುಹೋಗುತ್ತಿದ್ದವು. ಇದರಲ್ಲಿ ಬಿಡಿಬಿಡಿಯಾಗಿ, ನಿಚ್ಚಳವಾಗಿ ಕೇಳಿಸುತ್ತವೆ.

ಆದರೆ ಅದೇ ಸೂಕ್ಷ್ಮತೆ ಕಳಪೆ ಧ್ವನಿಮುದ್ರಣದ ಹುಳುಕನ್ನೂ ಮುಚ್ಚಿಡುವುದಿಲ್ಲ. ಇಷ್ಟದ ಹಳೆಯ ಹಾಡುಗಳಲ್ಲಿ ಗೊರಗೊರ ಸದ್ದು, ಚುಚ್ಚುವ ಸಕಾರಗಳು ಈಗ ಹಾಡಿಗಿಂತ ಮೊದಲು ಕಿವಿಗೆ ಬೀಳುತ್ತವೆ. ಕಪ್‌ಗಳ ಹಿಂಬದಿ ತೆರೆದಿರುವುದರಿಂದ ಫ್ಯಾನಿನ ಸದ್ದು ಒಳಬರುತ್ತದೆ, ಹಾಡು ಹೊರಗೆ ಸೋರುತ್ತದೆ. ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಬಳಸುವಂತಿಲ್ಲ.

ಇಷ್ಟು ಓಮ್‌ನ ಹೆಡ್‌ಫೋನಿಗೆ ಮೊಬೈಲ್ ಕೊಡುವ ವೋಲ್ಟೇಜ್ ಸಾಮಾನ್ಯವಾಗಿ ಸಾಲದು, ಆದ್ದರಿಂದ ಆಂಪ್ಲಿಫೈಯರ್‌ಗೆ ಕೊಟ್ಟ ಹಣ ಸಾರ್ಥಕ. ಬೆಳ್ಳಿ ಲೇಪಿತ ಕೇಬಲ್ ನೋಡಲು ಚೆಂದ, ಅಷ್ಟೇ. ಮೂಲ ಕೇಬಲ್ಲಿಗೂ ಅದಕ್ಕೂ ನನ್ನ ಕಿವಿಗೆ ವ್ಯತ್ಯಾಸವೇ ತಿಳಿಯಲಿಲ್ಲ (ಮಾರಿದವರಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು). ಮರಳಿ ಮಾರುವ ಯೋಚನೆಯಿಲ್ಲವಾದರೂ, ಬೆಲೆ ಏರಿದಷ್ಟು ಸುಖ ಏರಿದೆ ಎಂದು ಹೇಳಲಾರೆ. ಗಂಟೆಗಟ್ಟಲೆ ಹಾಕಿಕೊಂಡರೂ ಕಿವಿ ನೋಯಿಸದ ವೆಲ್ವೆಟ್ ಮೆತ್ತೆಗಳ ಬಗ್ಗೆ ಮಾತ್ರ ಯಾವ ತಕರಾರೂ ಇಲ್ಲ.